‘ಕೊಂಡವರನ್ನೇ ಕೇಳಿ’: ಪ್ಯಾಕರ್ಡ್ ಕಾರಿನ ಏಳುಬೀಳು

ಪ್ಯಾಕರ್ಡ್ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಪ್ರಿಂಟರ್, ಕಂಪ್ಯೂಟರುಗಳ ಮೈಮೇಲೆ ಕಂಡ ಹ್ಯೂಲೆಟ್-ಪ್ಯಾಕರ್ಡ್ ಎಂಬ ಜೋಡಿ ಹೆಸರು. ಆ ಪ್ಯಾಕರ್ಡ್ ಬೇರೆ, ಇಲ್ಲಿ ಹೇಳಹೊರಟಿರುವ ಪ್ಯಾಕರ್ಡ್ ಬೇರೆ. ಇದು ಒಂದು ಕಾರಿನ ಹೆಸರು. 1899ರಲ್ಲಿ ಹುಟ್ಟಿ 1958ರಲ್ಲಿ ಕಣ್ಣು ಮುಚ್ಚಿದ ಹೆಸರು. ನಡುವಿನ ಐವತ್ತೊಂಬತ್ತು ವರ್ಷಗಳಲ್ಲಿ ಅರ್ಧದಷ್ಟು ಕಾಲವಾದರೂ, ಅಮೆರಿಕದ ಒಳ್ಳೆಯ ಕಾರು ಯಾವುದೆಂದು ಅಲ್ಲಿನ ವೈದ್ಯರನ್ನೋ ವಕೀಲರನ್ನೋ ಬ್ಯಾಂಕಿನ ದೊಡ್ಡವರನ್ನೋ ಕೇಳಿದ್ದರೆ ಮೊದಲು ಬಾಯಿಗೆ ಬರುತ್ತಿದ್ದುದು ಇದೇ. ಕ್ಯಾಡಿಲಾಕ್ ಆಗ ಅದರ ಹಿಂದೆ ನಿಲ್ಲಬೇಕಾಗಿತ್ತು.

ಕಾರು ಕಂಪನಿಗಳು ಮುಳುಗುವುದು ಹೊಸ ಸಂಗತಿಯಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದಲ್ಲಿ ನೂರಾರು ಕಂಪನಿಗಳು ಹುಟ್ಟಿದವು, ಅಷ್ಟೇ ಬೇಗ ಸತ್ತವು. ಅವುಗಳಲ್ಲಿ ಬಹುಪಾಲು ಹುಟ್ಟಿದ್ದೂ ಹೋದದ್ದೂ ಯಾರಿಗೂ ತಿಳಿಯಲಿಲ್ಲ. ಪ್ಯಾಕರ್ಡ್ ಹಾಗಲ್ಲ. ದೇಶಕ್ಕೆಲ್ಲ ಗೊತ್ತಿದ್ದ ಒಂದು ಹೆಸರು ದೇಶದ ಕಣ್ಣೆದುರಿಗೇ ಸವೆದು ಹೋಯಿತು. ಒಳ್ಳೆಯ ಹೆಸರು ಎಂಬುದು ಹೇಗೆ ಗಳಿಕೆಯಾಗುತ್ತದೆ, ಕಷ್ಟ ಬಂದಾಗ ಅದನ್ನು ಒತ್ತೆಯಿಟ್ಟು ಹೇಗೆ ಸಾಲ ಎತ್ತಬಹುದು, ಆ ಸಾಲ ತೀರಿಸದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಪ್ಯಾಕರ್ಡ್‌ನ ಕಥೆಯಷ್ಟು ಸ್ಪಷ್ಟವಾದ ಲೆಕ್ಕಪುಸ್ತಕ ಸಿಗುವುದು ಕಷ್ಟ.

ಕಥೆ ಶುರುವಾಗುವುದು ಒಂದು ಜಗಳದಿಂದ. ಓಹಾಯೊ ರಾಜ್ಯದ ವಾರೆನ್ ಎಂಬ ಸಣ್ಣ ಪಟ್ಟಣದಲ್ಲಿ ಜೇಮ್ಸ್ ವಾರ್ಡ್ ಪ್ಯಾಕರ್ಡ್ ಮತ್ತು ಅವನ ಅಣ್ಣ ವಿಲಿಯಂ 1890ರಿಂದ ವಿದ್ಯುತ್ ದೀಪಗಳ ಕಾರ್ಖಾನೆ ನಡೆಸುತ್ತಿದ್ದರು. ಜೇಮ್ಸ್ ಓದಿದ ಎಂಜಿನಿಯರ್. ಯಂತ್ರ ಕಂಡರೆ ಬಿಚ್ಚಿ ನೋಡದೆ ಇರಲಾರದ ಜಾತಿಯವನು. 1898ರಲ್ಲಿ ಆತ ಕ್ಲೀವ್‌ಲೆಂಡ್ ನಗರದ ಅಲೆಗ್ಸಾಂಡರ್ ವಿಂಟನ್‌ನಿಂದ ಒಂದು ಮೋಟಾರು ಗಾಡಿ ಕೊಂಡ. ವಿಂಟನ್ ಆ ಕಾಲದ ಹೆಸರಾಂತ ಕಾರು ತಯಾರಕ. ಕ್ಲೀವ್‌ಲೆಂಡಿನಿಂದ ವಾರೆನ್‌ಗೆ ಬರುವ ದಾರಿಯಲ್ಲೇ ಗಾಡಿ ಕೆಟ್ಟು ನಿಂತಿತು. ಕೊನೆಗೆ ಕುದುರೆ ಕಟ್ಟಿ ಎಳೆಸಿಕೊಂಡು ಮನೆ ಸೇರಬೇಕಾಯಿತು ಎಂದು ಹೇಳುತ್ತಾರೆ. ಮುಂದಿನ ತಿಂಗಳುಗಳಲ್ಲೂ ಅದೇ ಹಾಡು. ಪ್ಯಾಕರ್ಡ್ ಮತ್ತೆ ಮತ್ತೆ ವಿಂಟನ್ ಬಳಿಗೆ ಹೋಗಿ ಇದು ಸರಿಯಿಲ್ಲ, ಅದನ್ನು ಹೀಗೆ ಮಾಡಬಹುದಿತ್ತು ಎಂದು ಹೇಳುತ್ತ ಬಂದ. ಅಷ್ಟು ಬುದ್ಧಿವಂತನಾದರೆ ನೀನೇ ಒಂದು ಮಾಡಿಕೋ ಎಂದು ವಿಂಟನ್ ರೇಗಿದನಂತೆ.

ಪ್ಯಾಕರ್ಡ್ ಮಾಡಿಯೇಬಿಟ್ಟ. ಅದೂ ವಿಂಟನ್ ಕಂಪನಿಯಲ್ಲಿದ್ದ ಇಬ್ಬರನ್ನೇ ತನ್ನ ಕಡೆಗೆ ಸೆಳೆದುಕೊಂಡು. 1899ರ ನವೆಂಬರ್ 6ರಂದು ಮೊದಲ ಪ್ಯಾಕರ್ಡ್ ಕಾರು ವಾರೆನ್ನಿನ ಬೀದಿಯಲ್ಲಿ ಓಡಿತು. ಒಂದೇ ಸಿಲಿಂಡರಿನ, ಸಾರೋಟಿನ ಆಕಾರದ, ಚಕ್ರದ ಬದಲು ಹಿಡಿಕೋಲಿನಿಂದ ತಿರುಗಿಸುವ ಗಾಡಿ. ಆ ಕಾರು ಇಂದಿಗೂ ಇದೆ. ಪ್ಯಾಕರ್ಡ್ ತಾನು ಓದಿದ ಲೀಹೈ ವಿಶ್ವವಿದ್ಯಾಲಯಕ್ಕೆ ದಾನವಾಗಿ ಕಟ್ಟಿಸಿಕೊಟ್ಟ ಪ್ರಯೋಗಶಾಲೆಯ ಹಜಾರದಲ್ಲಿ ಅದನ್ನು ಇಟ್ಟಿದ್ದಾರೆ.

ಮುಂದೆ ಕಂಪನಿಯ ಗುರುತಾಗಿಬಿಟ್ಟ ವಾಕ್ಯ ಹುಟ್ಟಿದ್ದು 1901ರ ಹೊತ್ತಿಗೆ. ಕಾರಿನ ವಿವರಗಳಿರುವ ಕೈಪಿಡಿ ಕಳಿಸಿ ಎಂದು ಗಿರಾಕಿಯೊಬ್ಬ ಬರೆದಿದ್ದ. ಕೈಪಿಡಿ ಎಲ್ಲಿತ್ತು? ಅಚ್ಚು ಹಾಕಿಸಿಯೇ ಇರಲಿಲ್ಲ. ಕಾರ್ಯದರ್ಶಿ ಏನು ಬರೆಯಲಿ ಎಂದು ಕೇಳಿದಾಗ ಜೇಮ್ಸ್ ಪ್ಯಾಕರ್ಡ್ ಹೇಳಿದ್ದು ಇಷ್ಟೇ: ಕಾರು ಕೊಂಡವರನ್ನೇ ಕೇಳಲು ಹೇಳು. ಇಂಗ್ಲಿಷಿನಲ್ಲಿ ಆರು ಪುಟ್ಟ ಪದಗಳು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪ್ಯಾಕರ್ಡ್‌ನ ಜಾಹೀರಾತುಗಳಲ್ಲಿ ಅವು ಉಳಿದವು.

ಈ ಮಾತಿನ ಬಲ ಎಲ್ಲಿದೆ ನೋಡಿ. ನಮ್ಮ ಕಾರು ಶ್ರೇಷ್ಠ ಎಂದು ಕಂಪನಿ ಹೇಳಿಕೊಳ್ಳುತ್ತಿಲ್ಲ. ಸಾಕ್ಷಿ ಹೇಳುವ ಕೆಲಸವನ್ನು ಗಿರಾಕಿಗೇ ಬಿಟ್ಟುಕೊಟ್ಟಿದೆ. ಹಾಗೆ ಬಿಟ್ಟುಕೊಡಬೇಕಾದರೆ ಕೊಂಡ ಪ್ರತಿಯೊಬ್ಬನೂ ಒಳ್ಳೆಯ ಮಾತನ್ನೇ ಆಡುತ್ತಾನೆಂಬ ಧೈರ್ಯ ಇರಬೇಕು. ಜೊತೆಗೆ ಅದರಲ್ಲೊಂದು ಬಿಂಕವೂ ಇದೆ: ಪ್ಯಾಕರ್ಡ್ ಇರುವ ಒಬ್ಬನಾದರೂ ನಿಮಗೆ ಪರಿಚಯವಿದ್ದಾನೆ ತಾನೇ ಎಂಬ ಬಿಂಕ.

ವಾರೆನ್ನಿನ ಸಣ್ಣ ಕಾರ್ಖಾನೆಯಿಂದ ಡೆಟ್ರಾಯಿಟ್‌ಗೆ ಕಂಪನಿಯನ್ನು ಒಯ್ದವನು ಹೆನ್ರಿ ಜಾಯ್ ಎಂಬ ಶ್ರೀಮಂತ ಮನೆತನದವನು. ನ್ಯೂಯಾರ್ಕಿನಲ್ಲಿ ಬೆಂಕಿ ಆರಿಸುವ ಬಂಡಿಯೊಂದು ಹಾದು ಹೋದಾಗ, ಅಲ್ಲೇ ನಿಂತಿದ್ದ ಎರಡು ಪ್ಯಾಕರ್ಡ್ ಕಾರುಗಳು ಹಿಡಿ ತಿರುಗಿಸಿದ ಕೂಡಲೇ ಚಾಲೂ ಆಗಿ ಅದರ ಹಿಂದೆ ಓಡಿದ್ದನ್ನು ಕಂಡು ಆತ ಮರುಳಾದನಂತೆ. ಆಗಿನ ಕಾರುಗಳು ಮೊದಲ ಸುತ್ತಿಗೇ ಚಾಲೂ ಆಗುವುದು ಎಂದರೆ ಸಣ್ಣ ಮಾತಲ್ಲ. ಜಾಯ್ ತಾನೂ ಹಣ ಹಾಕಿದ, ಡೆಟ್ರಾಯಿಟಿನ ಗೆಳೆಯರಿಂದಲೂ ಹಾಕಿಸಿದ. 1903ರಲ್ಲಿ ಕಂಪನಿ ಅಲ್ಲಿಗೆ ಸ್ಥಳಾಂತರವಾಯಿತು. ಆಲ್ಬರ್ಟ್ ಕಾನ್ ಎಂಬ ತರುಣ ವಾಸ್ತುಶಿಲ್ಪಿ ಕಾರ್ಖಾನೆ ಕಟ್ಟಿದ. ಅಲ್ಲಿನ ಹತ್ತನೆಯ ಕಟ್ಟಡಕ್ಕೆ 1905ರಲ್ಲಿ ಮರದ ಕಂಬಗಳ ಬದಲು ಉಕ್ಕಿನ ಸರಳು ಹಾಕಿದ ಕಾಂಕ್ರೀಟನ್ನು ಬಳಸಿದ. ಇದರಿಂದ ಬೆಂಕಿಯ ಭಯ ತಗ್ಗಿತು, ಕಂಬಗಳ ನಡುವೆ ಜಾಗ ಹೆಚ್ಚಿತು, ದೊಡ್ಡ ದೊಡ್ಡ ಕಿಟಕಿಗಳಿಂದ ಬೆಳಕು ಬಂತು. ಮುಂದೆ ಫೋರ್ಡ್ ಸೇರಿದಂತೆ ಡೆಟ್ರಾಯಿಟಿನ ಕಾರ್ಖಾನೆಗಳ ಮುಖವೇ ಹೀಗಾಯಿತು. ಪ್ಯಾಕರ್ಡ್ ಕಾರ್ಖಾನೆ ಬೆಳೆಯುತ್ತ ಬೆಳೆಯುತ್ತ 35 ಲಕ್ಷ ಚದರ ಅಡಿಗಳಷ್ಟಾಯಿತು. ಆ ಕಟ್ಟಡದ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಜೇಮ್ಸ್ ಪ್ಯಾಕರ್ಡ್ ಡೆಟ್ರಾಯಿಟ್‌ಗೆ ಹೋಗಲಿಲ್ಲ. ವಾರೆನ್ನಿನಲ್ಲೇ ಉಳಿದ. ಅವನಿಗೆ ಕೈಗಡಿಯಾರ, ಜೇಬುಗಡಿಯಾರಗಳ ಹುಚ್ಚು. ಜಿನೀವಾದ ಪಾಟೆಕ್ ಫಿಲಿಪ್ ಕಂಪನಿಗೆ ಹೇಳಿ ಮಾಡಿಸಿ, 1927ರಲ್ಲಿ ಕೈಗೆ ಬಂದ ಒಂದು ಜೇಬುಗಡಿಯಾರದಲ್ಲಿ ವಾರೆನ್ ಪಟ್ಟಣದಿಂದ ಕಾಣುವ ಇರುಳಿನ ಆಕಾಶವೇ ಐನೂರು ನಕ್ಷತ್ರಗಳ ಸಮೇತ ತಿರುಗುತ್ತಿತ್ತು. ಮರುವರ್ಷ ಆತ ತೀರಿಕೊಂಡ. ಹಣವಿದ್ದವರು ಗಡಿಯಾರ ಕೊಳ್ಳುವುದು ಸಾಮಾನ್ಯ. ತನ್ನ ಊರಿನ ಆಕಾಶವನ್ನು ಗಡಿಯಾರದೊಳಗೆ ಇಡಿಸಿಕೊಳ್ಳಬೇಕೆಂದರೆ ಬೇರೆ ಬಗೆಯ ಮನಸ್ಸು ಬೇಕು. ಅವನ ಹೆಸರಿನ ಕಾರಿಗೆ ಆ ಮನಸ್ಸಿನ ನೆರಳು ಬಹುಕಾಲ ಅಂಟಿಕೊಂಡಿತ್ತು.

ಅಮೆರಿಕದ ದುಬಾರಿ ಕಾರುಗಳಲ್ಲಿ ಆಗ ಮೂರು ಹೆಸರು ದೊಡ್ಡವು: ಪ್ಯಾಕರ್ಡ್, ಪೀರ್‌ಲೆಸ್, ಪಿಯರ್ಸ್-ಆರೋ. 1915ರಲ್ಲಿ ಪ್ಯಾಕರ್ಡ್‌ನ ಮುಖ್ಯ ಎಂಜಿನಿಯರ್ ಜೆಸ್ಸಿ ವಿನ್ಸೆಂಟ್ ‘ಟ್ವಿನ್ ಸಿಕ್ಸ್’ ಎಂಬ ಹನ್ನೆರಡು ಸಿಲಿಂಡರಿನ ಕಾರನ್ನು ಹೊರತಂದ. ಆರು ಸಿಲಿಂಡರುಗಳ ಎರಡು ಸಾಲನ್ನು ಓರೆಯಾಗಿ ಜೋಡಿಸಿದ್ದರಿಂದ ಎಂಜಿನ್ ನಡುಗದೆ ಮೆತ್ತಗೆ ಓಡುತ್ತಿತ್ತು. ಬೆಲೆ ಸುಮಾರು 2,600 ಡಾಲರಿನಿಂದ ಮೇಲಕ್ಕೆ. ಆಗ ಫೋರ್ಡ್‌ನ ಮಾಡೆಲ್ ಟಿ ಕಾರು ನಾಲ್ಕುನೂರು ಡಾಲರಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಎರಡು ವರ್ಷ ಕಳೆದು ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಇದೇ ವಿನ್ಸೆಂಟ್, ಇನ್ನೊಬ್ಬ ಎಂಜಿನಿಯರನ ಜೊತೆ ವಾಷಿಂಗ್ಟನ್ನಿನ ಹೋಟೆಲೊಂದರಲ್ಲಿ ಕುಳಿತು ‘ಲಿಬರ್ಟಿ’ ಎಂಬ ವಿಮಾನ ಎಂಜಿನಿನ ನಕ್ಷೆಯನ್ನು ಒಂದು ವಾರದೊಳಗೆ ಮುಗಿಸಿದ. 1921ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷ ಪದವಿಯ ಪ್ರಮಾಣ ಸ್ವೀಕರಿಸಲು ಹೋದದ್ದು ಟ್ವಿನ್ ಸಿಕ್ಸ್‌ನಲ್ಲಿ. ಕುದುರೆ ಸಾರೋಟು ಬಿಟ್ಟು ಮೋಟಾರಿನಲ್ಲಿ ಆ ಸಮಾರಂಭಕ್ಕೆ ಹೋದ ಮೊದಲ ಅಧ್ಯಕ್ಷ ಆತ.

ಇಪ್ಪತ್ತರ ದಶಕ ಪ್ಯಾಕರ್ಡ್‌ನ ಹೊನ್ನಿನ ಕಾಲ. ಆಲ್ವನ್ ಮಕಾಲೆ ಎಂಬ ವಕೀಲ ಕಂಪನಿಯ ಅಧ್ಯಕ್ಷನಾಗಿದ್ದ. 1916ರಿಂದ 1939ರವರೆಗೆ ಆ ಕುರ್ಚಿಯಲ್ಲಿ ಕೂತಿದ್ದ. ಅವನ ಕಾಲದ ನೀತಿಯಲ್ಲಿ ಒಂದು ಅಂಶ ಗಮನಿಸುವಂಥದ್ದು. ಪ್ಯಾಕರ್ಡ್ ತನ್ನ ಮುಖವನ್ನು ವರ್ಷವರ್ಷಕ್ಕೂ ಬದಲಾಯಿಸುತ್ತಿರಲಿಲ್ಲ. ರೇಡಿಯೇಟರಿನ ಮೇಲ್ತುದಿಗೆ ಎತ್ತಿನ ನೊಗದಂತೆ ಬಾಗಿದ ಒಂದು ಆಕಾರವಿತ್ತು. ಅಮೆರಿಕನ್ನರೂ ಅದನ್ನು ನೊಗವೆಂದೇ ಕರೆಯುತ್ತಿದ್ದರು. 1904ರಲ್ಲಿ ಬಂದ ಆ ನೊಗವನ್ನೂ ಚಕ್ರದ ನಡುವಿನ ಕೆಂಪು ಷಟ್ಕೋನವನ್ನೂ ನೋಡಿದರೆ ಸಾಕು, ದೂರದಿಂದಲೇ ಅದು ಪ್ಯಾಕರ್ಡ್ ಎಂದು ಹೇಳಬಹುದಿತ್ತು. ಹೊಸ ಕಾರು ಬಂದರೆ ಹಳೆಯ ಕಾರು ಹಳತೆನಿಸುತ್ತಿರಲಿಲ್ಲ. ಐದು ವರ್ಷ ಹಳೆಯ ಪ್ಯಾಕರ್ಡ್ ಇಟ್ಟುಕೊಂಡವನಿಗೂ ತಲೆ ತಗ್ಗಿಸುವ ಪ್ರಸಂಗ ಬರುತ್ತಿರಲಿಲ್ಲ. ಪ್ರತಿವರ್ಷ ವೇಷ ಬದಲಿಸಿ ಕಳೆದ ವರ್ಷದ್ದನ್ನು ಹಳೆಯದೆನಿಸುವ ತಂತ್ರವನ್ನು ಜನರಲ್ ಮೋಟಾರ್ಸ್ ಆಗತಾನೇ ರೂಢಿಸುತ್ತಿತ್ತು. ಆ ತಂತ್ರವೇ ಮುಂದೆ ಗೆದ್ದಿತು ಎನ್ನುವುದು ಬೇರೆ ಮಾತು.

1929ರ ಅಕ್ಟೋಬರಿನಲ್ಲಿ ಷೇರುಪೇಟೆ ಕುಸಿಯಿತು. ಅದರ ಬೆನ್ನಿಗೆ ಬಂದ ಮಹಾಕುಸಿತದಲ್ಲಿ ದುಬಾರಿ ಕಾರುಗಳ ಮಾರುಕಟ್ಟೆಯೇ ಆವಿಯಾಯಿತು. ಹಣ ಕಳೆದುಕೊಂಡವರು ಕೊಳ್ಳಲಾರರು. ಹಣ ಉಳಿದವರು, ಬ್ರೆಡ್ಡಿಗೆ ಸಾಲು ನಿಂತವರ ಮುಂದೆ ಅಂಥ ಕಾರಿನಲ್ಲಿ ಹೋಗಲು ನಾಚಿದರು. ಪೀರ್‌ಲೆಸ್ 1931ರಲ್ಲಿ ಕಾರು ನಿಲ್ಲಿಸಿತು. ಪಾನನಿಷೇಧ ತೆಗೆದ ಮೇಲೆ ಅದರ ಕಾರ್ಖಾನೆಯಲ್ಲಿ ಬಿಯರ್ ತಯಾರಾಯಿತು! ಡ್ಯೂಸೆನ್‌ಬರ್ಗ್ 1937ರಲ್ಲಿ, ಪಿಯರ್ಸ್-ಆರೋ 1938ರಲ್ಲಿ ಮುಗಿದವು. ಪ್ಯಾಕರ್ಡ್‌ನ ಮಾರಾಟ ವರ್ಷಕ್ಕೆ ಹತ್ತು ಸಾವಿರಕ್ಕಿಂತ ಕೆಳಗೆ ಬಿತ್ತು. ಕ್ಯಾಡಿಲಾಕ್‌ನ ಸ್ಥಿತಿಯೂ ಚೆನ್ನಾಗಿರಲಿಲ್ಲ. ಆದರೆ ಕ್ಯಾಡಿಲಾಕ್‌ಗೆ ಜನರಲ್ ಮೋಟಾರ್ಸ್ ಎಂಬ ಅವಿಭಕ್ತ ಕುಟುಂಬವಿತ್ತು. ಷೆವರ್ಲೆ ದುಡಿದದ್ದರಲ್ಲಿ ಕ್ಯಾಡಿಲಾಕ್ ಉಣ್ಣಬಹುದಿತ್ತು. ಪ್ಯಾಕರ್ಡ್ ಒಂಟಿ.

ಒಂಟಿಯಾದವನು ಬದುಕುವುದಕ್ಕೆ ಏನು ಮಾಡಬೇಕೋ ಪ್ಯಾಕರ್ಡ್ ಅದನ್ನೇ ಮಾಡಿತು. ಜನರಲ್ ಮೋಟಾರ್ಸ್‌ನಿಂದಲೇ ಜಾರ್ಜ್ ಕ್ರಿಸ್ಟೋಫರ್ ಎಂಬ ಉತ್ಪಾದನಾ ನಿಪುಣನನ್ನು ಕರೆಸಿಕೊಂಡು, 1935ರಲ್ಲಿ ‘ಒನ್ ಟ್ವೆಂಟಿ’ ಎಂಬ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಆರಂಭದ ಬೆಲೆ 980 ಡಾಲರ್. ದೊಡ್ಡ ಪ್ಯಾಕರ್ಡ್‌ಗಳು ಎರಡು ಸಾವಿರ ಡಾಲರಿಗೂ ಮೇಲಿದ್ದವು. ಹೊಸ ಕಾರಿನ ಮುಂಭಾಗದಲ್ಲಿ ಅದೇ ನೊಗ, ಚಕ್ರದಲ್ಲಿ ಅದೇ ಕೆಂಪು ಷಟ್ಕೋನ. ಸಾವಿರ ಡಾಲರಿನೊಳಗೆ ಪ್ಯಾಕರ್ಡ್ ಎಂದರೆ ಜನ ಮುಗಿಬೀಳದೆ ಇರುತ್ತಾರೆಯೇ? ಮೊದಲ ವರ್ಷವೇ ಸುಮಾರು 25 ಸಾವಿರ ಕಾರು ಹೋದವು, ಮರುವರ್ಷ ಐವತ್ತು ಸಾವಿರ ದಾಟಿತು. 1937ರಲ್ಲಿ ಇನ್ನೂ ಅಗ್ಗದ ಆರು ಸಿಲಿಂಡರಿನ ಕಾರು 795 ಡಾಲರಿಗೆ ಬಂತು. ಆ ವರ್ಷದ ಒಟ್ಟು ತಯಾರಿಕೆ ಒಂದು ಲಕ್ಷ ಮೀರಿತು.

ಪ್ಯಾಕರ್ಡ್‌ನ ಬಗ್ಗೆ ಬರೆದವರೆಲ್ಲ ಇಲ್ಲಿಗೆ ಬಂದು ಎರಡು ಪಂಗಡವಾಗುತ್ತಾರೆ. ಆ ಅಗ್ಗದ ಕಾರೇ ಪ್ಯಾಕರ್ಡನ್ನು ಕೊಂದಿತು ಎನ್ನುವವರು ಕೆಲವರು: ಬ್ಯಾಂಕಿನ ಒಡೆಯನೂ ಅವನ ಗುಮಾಸ್ತನೂ ಒಂದೇ ಹೆಸರಿನ ಕಾರಿನಲ್ಲಿ ಬಂದಿಳಿದರೆ ಒಡೆಯ ಬೇರೆ ಕಾರು ಹುಡುಕುತ್ತಾನೆ ಎಂಬುದು ಅವರ ವಾದ. ಆ ಕಾರಿಲ್ಲದಿದ್ದರೆ ಪೀರ್‌ಲೆಸ್‌ನ ಗತಿಯೇ ಪ್ಯಾಕರ್ಡ್‌ಗೂ ಆಗುತ್ತಿತ್ತು ಎಂಬುದು ಇನ್ನೊಂದು ಪಂಗಡದ ಮಾತು. ಎರಡನೆಯ ಮಾತು ನಿಸ್ಸಂದೇಹವಾಗಿ ಸರಿ. ಕೆಟ್ಟ ಕಾರನ್ನು ಒಳ್ಳೆಯ ಹೆಸರಿನಲ್ಲಿ ಮಾರಿದ್ದೂ ಅಲ್ಲ. ಒನ್ ಟ್ವೆಂಟಿ ಅದರ ಬೆಲೆಗೆ ಬಹಳ ಒಳ್ಳೆಯ ಕಾರೇ ಆಗಿತ್ತು. ತಪ್ಪು ಅಲ್ಲಿಲ್ಲ. ಕ್ಯಾಡಿಲಾಕ್ ಏನು ಮಾಡಿತ್ತೆಂದು ನೋಡಿದರೆ ತಪ್ಪು ತಿಳಿಯುತ್ತದೆ. ಕ್ಯಾಡಿಲಾಕ್ ಕೂಡ ಕಡಿಮೆ ಬೆಲೆಯ ಕಾರು ಮಾರಿತು. ಆದರೆ ಅದಕ್ಕೆ 1927ರಲ್ಲೇ ‘ಲಸಾಲ್’ ಎಂಬ ಬೇರೆ ಹೆಸರಿಟ್ಟಿತ್ತು. ಕಷ್ಟದ ದಿನಗಳು ಮುಗಿಯುತ್ತ ಬಂದಾಗ, 1940ರಲ್ಲಿ, ಆ ಹೆಸರನ್ನು ತೆಗೆದುಹಾಕಿ ಮೇಲಿನ ಮೆಟ್ಟಿಲಲ್ಲಿ ಭದ್ರವಾಗಿ ಕುಳಿತಿತು. ಅದಕ್ಕೆ ಒಂದು ವರ್ಷ ಮೊದಲು ಪ್ಯಾಕರ್ಡ್ ತನ್ನ ಹನ್ನೆರಡು ಸಿಲಿಂಡರಿನ ದೊಡ್ಡ ಕಾರನ್ನು ನಿಲ್ಲಿಸಿತ್ತು. ಒಬ್ಬರು ಕೆಳಗಿನ ಮೆಟ್ಟಿಲು ಕಳಚಿದರು, ಇನ್ನೊಬ್ಬರು ಮೇಲಿನದನ್ನು. ಪ್ಯಾಕರ್ಡ್ ಟ್ಯಾಕ್ಸಿಗಳನ್ನೂ ಮಾರಿತು. ಬಾಡಿಗೆ ಮೀಟರು ಹಾಕಿದ ಪ್ಯಾಕರ್ಡ್‌ನಲ್ಲಿ ಕೂತವನು ಅದನ್ನು ಅಧ್ಯಕ್ಷರ ಕಾರೆಂದು ಎಷ್ಟು ದಿನ ಭಾವಿಸಿಯಾನು?

ಆದರೂ ಆ ದಿನಗಳಲ್ಲಿ ಹೆಸರಿನ ಬೊಕ್ಕಸ ಖಾಲಿಯಾಗಿರಲಿಲ್ಲ. ರೂಸ್‌ವೆಲ್ಟ್‌ಗೆ ಪ್ಯಾಕರ್ಡ್ ಇತ್ತು. ಬಂಡವಾಳಶಾಹಿಯನ್ನು ಬೈಯುತ್ತಿದ್ದ ಸ್ಟಾಲಿನ್ನನಿಗೂ ಪ್ಯಾಕರ್ಡ್ ಬೇಕಾಗಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸೋವಿಯತ್ ನಾಯಕರಿಗಾಗಿ ಮಾಸ್ಕೋದಲ್ಲಿ ತಯಾರಾದ ಜಿಸ್-110 ಕಾರಿನ ಚಹರೆ 1942ರ ಪ್ಯಾಕರ್ಡ್‌ನದೇ ಪಡಿಯಚ್ಚು. 1940ರ ಮಾದರಿಯಲ್ಲಿ ಪ್ಯಾಕರ್ಡ್ ಕಾರಿನೊಳಗೆ ಹವಾನಿಯಂತ್ರಣ ಅಳವಡಿಸಿ ಮಾರಿತು. ಅಮೆರಿಕದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಕಂಪನಿಯ ಅತ್ಯಂತ ದೊಡ್ಡ ಸಾಧನೆ ಕಾರೇ ಅಲ್ಲ, ಒಂದು ವಿಮಾನ ಎಂಜಿನ್. 1940ರಲ್ಲಿ ಜರ್ಮನ್ ಬಾಂಬುಗಳ ಅಡಿಯಲ್ಲಿದ್ದ ಬ್ರಿಟನ್, ತನ್ನ ಸ್ಪಿಟ್‌ಫೈರ್ ಯುದ್ಧವಿಮಾನಗಳ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನನ್ನು ಅಮೆರಿಕದಲ್ಲೂ ಮಾಡಿಸಲು ಜನ ಹುಡುಕುತ್ತಿತ್ತು. ಹೆನ್ರಿ ಫೋರ್ಡ್ ಬ್ರಿಟನ್ನಿಗಾಗಿ ಮಾಡಿಕೊಡಲಾರೆನೆಂದ. ಪ್ಯಾಕರ್ಡ್ ಒಪ್ಪಿಕೊಂಡಿತು. ಬ್ರಿಟಿಷರ ನಕ್ಷೆಗಳು ಅಮೆರಿಕದ ರೀತಿಯವಲ್ಲ. ಅವನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು. ಆದರೆ ಬ್ರಿಟನ್ನಿನಲ್ಲಿ ಮಾಡಿದ ಬಿಡಿಭಾಗ ಇಲ್ಲಿಯದಕ್ಕೂ ಕೂರಬೇಕಲ್ಲ? ಅದಕ್ಕಾಗಿ ತಿರುಪುಗಳ ಮರೆಯನ್ನು ಬ್ರಿಟಿಷ್ ಅಳತೆಯಲ್ಲೇ ಉಳಿಸಿಕೊಂಡು, ಆ ಮರೆ ಕೊರೆಯುವ ಸಲಕರಣೆಗಳನ್ನೂ ತಾವೇ ಮಾಡಿಕೊಂಡರು. 1941ರ ಆಗಸ್ಟಿನಲ್ಲಿ ಮೊದಲ ಎಂಜಿನ್ ಓಡಿತು. ಯುದ್ಧ ಮುಗಿಯುವಷ್ಟರಲ್ಲಿ 55,523 ಮರ್ಲಿನ್ ಎಂಜಿನುಗಳು ಪ್ಯಾಕರ್ಡ್‌ನಿಂದ ಹೊರಬಿದ್ದವು. ಮಸ್ಟಾಂಗ್ ಎಂಬ ಅಮೆರಿಕನ್ ಯುದ್ಧವಿಮಾನ ತನ್ನ ಮೊದಲ ಎಂಜಿನಿನಲ್ಲಿ ಎತ್ತರಕ್ಕೆ ಏರಿದೊಡನೆ ಸುಸ್ತಾಗುತ್ತಿತ್ತು. ಮರ್ಲಿನ್ ಕೂರಿಸಿದ ಮೇಲೆ ಅದೇ ವಿಮಾನ ಬಾಂಬರುಗಳಿಗೆ ಬೆಂಗಾವಲಾಗಿ ಬರ್ಲಿನ್ನಿನವರೆಗೂ ಹೋಗಿ ಬಂತು. ಸಮುದ್ರದಲ್ಲಿ ಓಡಾಡಿದ ಅಮೆರಿಕದ ಟಾರ್ಪಿಡೊ ದೋಣಿಗಳಿಗೂ ಪ್ಯಾಕರ್ಡ್ ಎಂಜಿನುಗಳೇ. ಮುಂದೆ ಅಧ್ಯಕ್ಷನಾದ ಜಾನ್ ಕೆನಡಿ ನಡೆಸುತ್ತಿದ್ದ ದೋಣಿಯಲ್ಲೂ ಅಂಥ ಮೂರು ಇದ್ದವು.

ಅದೇ ಕಾರ್ಖಾನೆಯೊಳಗೆ ಅದೇ ವರ್ಷಗಳಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಕಥೆ ಅರ್ಧವಾಗುತ್ತದೆ. 1943ರ ಜೂನ್ ಮೊದಲ ವಾರದಲ್ಲಿ ಮೂವರು ಕಪ್ಪು ಕಾರ್ಮಿಕರಿಗೆ ಬಡ್ತಿ ಕೊಟ್ಟು ಬಿಳಿಯರ ಪಕ್ಕದಲ್ಲಿ ನಿಲ್ಲಿಸಿದರೆಂಬ ಕಾರಣಕ್ಕೆ ಸುಮಾರು 25 ಸಾವಿರ ಬಿಳಿಯ ಕಾರ್ಮಿಕರು ಕೆಲಸ ಬಿಟ್ಟು ಹೊರನಡೆದರು. ಹಿಟ್ಲರನ ಜನಾಂಗದ್ವೇಷದ ವಿರುದ್ಧ ಹಾರುವ ವಿಮಾನಗಳ ಎಂಜಿನುಗಳು ಅಷ್ಟು ದಿನ ನಿಂತವು. ಕಾರ್ಮಿಕ ಸಂಘದ ನಾಯಕರು ಮುಷ್ಕರವನ್ನು ಖಂಡಿಸಿದರು, ಸರ್ಕಾರ ಬೆದರಿಸಿತು, ಜನ ಒಳಗೆ ಬಂದರು. ಮೂರು ವಾರ ಕಳೆಯುವಷ್ಟರಲ್ಲಿ ಡೆಟ್ರಾಯಿಟ್ ನಗರದಲ್ಲಿ ಜನಾಂಗೀಯ ಗಲಭೆ ಹೊತ್ತಿಕೊಂಡು 34 ಮಂದಿ ಸತ್ತರು. ಅವರಲ್ಲಿ 25 ಮಂದಿ ಕಪ್ಪು ಜನ.

ಯುದ್ಧ ಮುಗಿದಾಗ ಪ್ಯಾಕರ್ಡ್‌ನ ಕೈಯಲ್ಲಿ ಹಣವಿತ್ತು, ಸಾಲವಿರಲಿಲ್ಲ. ನಾಲ್ಕು ವರ್ಷ ಕಾರೇ ಕಾಣದ ದೇಶ ಕೊಟ್ಟದ್ದನ್ನು ಕೊಳ್ಳಲು ಸಿದ್ಧವಿತ್ತು. ಒತ್ತೆಯಿಟ್ಟ ಹೆಸರನ್ನು ಬಿಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ. ದೊಡ್ಡ ಪ್ಯಾಕರ್ಡ್ ಒಂದನ್ನು ಹೊಸದಾಗಿ ಕಟ್ಟಿ ಮತ್ತೆ ಮೇಲಿನ ಜಾಗಕ್ಕೆ ಹೋಗಬಹುದಿತ್ತು. ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಕ್ರಿಸ್ಟೋಫರ್ ಸಂಖ್ಯೆಯ ಮನುಷ್ಯ. ನಡುಬೆಲೆಯ ಕಾರುಗಳನ್ನೇ ಹೆಚ್ಚು ಹೆಚ್ಚು ಮಾಡುವುದು ಅವನ ದಾರಿ. 1948ರಲ್ಲಿ ಯುದ್ಧಪೂರ್ವದ ಮೈಗೇ ಹೊಸ ತಗಡು ಮೆತ್ತಿ ದಪ್ಪನೆಯ ಕಾರೊಂದನ್ನು ತಂದರು. ಜನ ಅದಕ್ಕೆ ‘ಬಸುರಿ ಆನೆ’ ಎಂದು ಅಡ್ಡಹೆಸರಿಟ್ಟರು. ಕ್ಯಾಡಿಲಾಕ್ ಅದೇ ವರ್ಷ ಹಿಂಬದಿಗೆ ಮೀನಿನ ರೆಕ್ಕೆಗಳನ್ನು ಮೂಡಿಸಿತು. ಮರುವರ್ಷ ವಾಲ್ವುಗಳು ಸಿಲಿಂಡರಿನ ನೆತ್ತಿಯ ಮೇಲೆ ಕೂರುವ ಹೊಸ ವಿ-8 ಎಂಜಿನನ್ನು ಹಾಕಿತು. ಪ್ಯಾಕರ್ಡ್‌ನಲ್ಲಿ ಎಂಟು ಸಿಲಿಂಡರುಗಳು ಒಂದೇ ಉದ್ದ ಸಾಲಿನಲ್ಲಿ ನಿಂತು ವಾಲ್ವುಗಳು ಪಕ್ಕದಲ್ಲಿರುವ ಹಳೆಯ ಎಂಜಿನೇ 1954ರವರೆಗೂ ಓಡಿತು. ಮೆತ್ತಗೆ, ಸದ್ದಿಲ್ಲದೆ ಓಡುತ್ತಿತ್ತು ನಿಜ. ಆದರೆ ಪಕ್ಕದ ಮನೆಯವನ ಕ್ಯಾಡಿಲಾಕ್ ಗೇಟು ದಾಟಿ ಹೋಗಿಬಿಟ್ಟಿರುತ್ತಿತ್ತು. 1950ರಲ್ಲಿ ಕ್ಯಾಡಿಲಾಕ್ ಮೊದಲ ಬಾರಿಗೆ ವರ್ಷಕ್ಕೆ ಲಕ್ಷ ಕಾರು ದಾಟಿತು.

ಸುಮ್ಮನೆ ಕೂತಿದ್ದರೆಂದು ಹೇಳಿದರೆ ಅನ್ಯಾಯವಾಗುತ್ತದೆ. ಗೇರು ತಾನಾಗಿಯೇ ಬದಲಾಗುವ ವ್ಯವಸ್ಥೆಯನ್ನು ಉಳಿದ ಸಣ್ಣ ಕಂಪನಿಗಳು ದೊಡ್ಡವರಿಂದ ಕೊಂಡು ಹಾಕಿಕೊಂಡರೆ, ಪ್ಯಾಕರ್ಡ್ 1949ರಲ್ಲಿ ತನ್ನದನ್ನು ತಾನೇ ರೂಪಿಸಿತು. ಎಂಜಿನಿಯರುಗಳ ಮನೆ ಅದು. ಎಂಜಿನಿಯರಿಂಗ್ ಇತ್ತು, ಯಾರಿಗೆ ಮಾರಬೇಕೆಂಬ ನಿರ್ಧಾರ ಇರಲಿಲ್ಲ.

1952ರಲ್ಲಿ ಜೇಮ್ಸ್ ನ್ಯಾನ್ಸ್ ಅಧ್ಯಕ್ಷನಾಗಿ ಬಂದ. ವಿದ್ಯುತ್ ಒಲೆ, ರೆಫ್ರಿಜರೇಟರುಗಳನ್ನು ಮಾರಿ ಹೆಸರು ಮಾಡಿದವನು. ಕಾರು ಗೊತ್ತಿಲ್ಲದ ಅವನಿಗೆ ರೋಗ ಮಾತ್ರ ಬಂದ ಕೂಡಲೇ ಗೊತ್ತಾಯಿತು. ಪ್ಯಾಕರ್ಡ್ ಎಂಬ ಹೆಸರು ದೊಡ್ಡ ಕಾರಿಗೆ ಮಾತ್ರ ಇರಬೇಕು, ನಡುಬೆಲೆಯದಕ್ಕೆ ‘ಕ್ಲಿಪ್ಪರ್’ ಎಂದು ಬೇರೆ ಹೆಸರಿಡಬೇಕು ಎಂದ. ಇಪ್ಪತ್ತು ವರ್ಷ ಮೊದಲು ಮಾಡಬೇಕಾಗಿದ್ದ ಕೆಲಸ. ಅದು ಪೂರ್ತಿಯಾಗಿ ಜಾರಿಗೆ ಬಂದದ್ದು 1956ರಲ್ಲಿ. ಆಗ ಕಾರು ವ್ಯಾಪಾರಿಗಳು, ಪ್ಯಾಕರ್ಡ್ ಎಂಬ ಹೆಸರಿಲ್ಲದೆ ಕ್ಲಿಪ್ಪರನ್ನು ಕೊಳ್ಳುವವರಾರು ಎಂದು ಗೊಣಗಿದರು. ಕೊನೆಗೆ ಹಿಂಬದಿಯಲ್ಲಿ ಪುಟ್ಟ ಅಕ್ಷರಗಳಲ್ಲಿ ಪ್ಯಾಕರ್ಡ್ ಎಂದು ಮತ್ತೆ ಅಂಟಿಸಬೇಕಾಯಿತು.

ಅಷ್ಟರಲ್ಲಿ ಒಂದರ ಮೇಲೊಂದು ಏಟು ಬಿದ್ದಿದ್ದವು. ಫೋರ್ಡ್ ಮತ್ತು ಷೆವರ್ಲೆ 1953-54ರಲ್ಲಿ ಹಟಕ್ಕೆ ಬಿದ್ದು ಕಾರು ಸುರಿದಾಗ, ಆನೆಗಳ ಕಾದಾಟದಲ್ಲಿ ಹುಲ್ಲು ನಲುಗಿದಂತೆ ಸಣ್ಣ ಕಂಪನಿಗಳೆಲ್ಲ ನಲುಗಿದವು. ಪ್ಯಾಕರ್ಡ್‌ಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಬ್ರಿಗ್ಸ್ ಕಂಪನಿಯನ್ನು 1953ರ ಕೊನೆಗೆ ಎದುರಾಳಿ ಕ್ರೈಸ್ಲರ್ ಕೊಂಡುಕೊಂಡಿತು. ಪ್ಯಾಕರ್ಡ್ ಅವಸರದಲ್ಲಿ ಕಾನರ್ ಅವೆನ್ಯೂ ಎಂಬಲ್ಲಿನ ಇಕ್ಕಟ್ಟಾದ ಕಟ್ಟಡಕ್ಕೆ ಮೈ ತಯಾರಿಕೆಯನ್ನೂ ಜೋಡಣೆಯನ್ನೂ ಸಾಗಿಸಿತು. 1955ರ ಕಾರು ನಿಜಕ್ಕೂ ಒಳ್ಳೆಯ ಕಲ್ಪನೆ. ಕೊನೆಗೂ ಹೊಸ ವಿ-8 ಎಂಜಿನ್, ಸ್ಪ್ರಿಂಗುಗಳ ಬದಲು ಕಾರಿನುದ್ದಕ್ಕೂ ಹಾದುಹೋಗುವ ತಿರುಚು ಸರಳುಗಳು, ಹಿಂದೆ ಭಾರ ಹೆಚ್ಚಾದರೆ ತಾನಾಗಿ ಕಾರನ್ನು ಮಟ್ಟಸ ಮಾಡುವ ವಿದ್ಯುತ್ ಮೋಟಾರು. ಆದರೆ ಹೊಸ ಜಾಗದ ಗಡಿಬಿಡಿಯಲ್ಲಿ ಜೋಡಣೆ ಕೆಟ್ಟಿತು. ಕಾರುಗಳು ದೂರುಗಳ ಸಮೇತ ಹಿಂದಿರುಗಿದವು. ಕೊಂಡವರನ್ನೇ ಕೇಳಿ ಎಂದು ಐವತ್ತು ವರ್ಷ ಹೇಳಿದ ಕಂಪನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಬೇಕಿರಲಿಲ್ಲ. ಜನ ಕೇಳಿದರು, ಕೊಂಡವರು ಹೇಳಿದರು.

1954ರ ಅಕ್ಟೋಬರಿನಲ್ಲಿ ಪ್ಯಾಕರ್ಡ್ ಇಂಡಿಯಾನಾ ರಾಜ್ಯದ ಸ್ಟುಡಿಬೇಕರ್ ಕಂಪನಿಯನ್ನು ಕೊಂಡಿತ್ತು. ಇಬ್ಬರು ಬಡವರು ಸೇರಿದರೆ ಒಬ್ಬ ಶ್ರೀಮಂತನಾಗುತ್ತಾನೆಂಬ ಲೆಕ್ಕ. ಕೊಂಡ ಮೇಲೆ ಪುಸ್ತಕ ಬಿಚ್ಚಿ ನೋಡಿದರೆ, ಸ್ಟುಡಿಬೇಕರ್ ನಷ್ಟವಿಲ್ಲದೆ ನಡೆಯಲು ಮಾರಬೇಕಾದ ಕಾರುಗಳ ಸಂಖ್ಯೆ ಮೊದಲು ತಿಳಿದದ್ದಕ್ಕಿಂತ ಬಹಳ ಹೆಚ್ಚಿತ್ತು. ಮದುವೆಗೆ ಮೊದಲು ಕೇಳಬೇಕಾದ ಪ್ರಶ್ನೆ! ನ್ಯಾನ್ಸ್ ಹೊಸ ಮಾದರಿಗಾಗಿ ವಿಮಾ ಕಂಪನಿಗಳಲ್ಲಿ ಸಾಲ ಕೇಳಿದ, ಅವು ಒಲ್ಲೆವೆಂದವು. 1956ರ ಜೂನ್ 25ರಂದು ಡೆಟ್ರಾಯಿಟಿನಲ್ಲಿ ಕೊನೆಯ ಪ್ಯಾಕರ್ಡ್ ತಯಾರಾಯಿತು. ನಂತರ ಎರಡು ವರ್ಷ ಇಂಡಿಯಾನಾದಲ್ಲಿ ಸ್ಟುಡಿಬೇಕರ್ ಕಾರುಗಳಿಗೇ ಬೇರೆ ಮುಖ ಹಚ್ಚಿ ಪ್ಯಾಕರ್ಡ್ ಎಂದು ಮಾರಿದರು. ಜನ ಅವನ್ನು ‘ಪ್ಯಾಕರ್ಡ್‌ಬೇಕರ್’ ಎಂದು ನಕ್ಕರು. 1958ರಲ್ಲಿ ಅದೂ ನಿಂತಿತು.

ಕಂಪನಿಯ ಸಾವಿನ ಕಥೆಗಳಲ್ಲಿ ಅಧ್ಯಕ್ಷರ ಹೆಸರುಗಳೇ ತುಂಬಿರುತ್ತವೆ. ಸಾವಿರಾರು ಕಾರ್ಮಿಕರ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ಪ್ಯಾಕರ್ಡ್‌ನ ವಿಷಯದಲ್ಲಿ ಹಾಗಾಗದಂತೆ ನೋಡಿಕೊಂಡವರು ಕೆಲವು ಸಮಾಜಶಾಸ್ತ್ರಜ್ಞರು. ಕೆಲಸ ಕಳೆದುಕೊಂಡವರನ್ನು ಹುಡುಕಿ ಮಾತನಾಡಿಸಿ ಅವರು ಸಿದ್ಧಪಡಿಸಿದ ವರದಿಯನ್ನು ಅಮೆರಿಕದ ಸೆನೆಟ್‌ನ ನಿರುದ್ಯೋಗ ಸಮಿತಿ ಪ್ರಕಟಿಸಿತು. ಅದರ ಶೀರ್ಷಿಕೆಯ ಅರ್ಥ ಹೀಗೆ: ದುಡಿಯಲು ವಯಸ್ಸು ಮೀರಿದೆ, ನಿವೃತ್ತಿಗೆ ಇನ್ನೂ ಆಗಿಲ್ಲ. ಪ್ಯಾಕರ್ಡ್ ಹಳೆಯ ಕಂಪನಿ. ಅಲ್ಲಿನ ಕಾರ್ಮಿಕರೂ ಹಳಬರು. ಇಪ್ಪತ್ತು, ಮೂವತ್ತು ವರ್ಷ ಒಂದೇ ಕಡೆ ದುಡಿದವರು ಐವತ್ತು ದಾಟಿದ ವಯಸ್ಸಿನಲ್ಲಿ ಬೇರೆ ಕಾರ್ಖಾನೆಗಳ ಬಾಗಿಲಲ್ಲಿ ನಿಂತರು. ಎಲ್ಲರಿಗಿಂತ ಹೆಚ್ಚು ಕಾಲ ಕೆಲಸವಿಲ್ಲದೆ ಅಲೆದವರು ವಯಸ್ಸಾದವರು ಮತ್ತು ಕಪ್ಪು ಕಾರ್ಮಿಕರು.

ಆಲ್ಬರ್ಟ್ ಕಾನ್ ಕಟ್ಟಿದ ಆ ಮಹಾ ಕಾರ್ಖಾನೆ ಸಣ್ಣಪುಟ್ಟ ಬಾಡಿಗೆದಾರರ ಕೈಸೇರಿ, ಆಮೇಲೆ ಅವರೂ ಹೋಗಿ, ಪಾಳು ಬಿತ್ತು. ಕಬ್ಬಿಣ, ತಾಮ್ರ ಕೀಳುವವರು, ಗೋಡೆಗೆ ಬಣ್ಣ ಬಳಿಯುವವರು, ಪಾಳು ಕಟ್ಟಡಗಳ ಚಿತ್ರ ತೆಗೆಯುವವರು ಅಲ್ಲಿ ಓಡಾಡಿದರು. ತೆರಿಗೆ ಬಾಕಿಗಾಗಿ 2013ರಲ್ಲಿ ಹರಾಜಾದಾಗ ಬಂದ ಬೆಲೆ 4,05,000 ಡಾಲರ್. 2019ರ ಜನವರಿಯಲ್ಲಿ ರಸ್ತೆಯ ಮೇಲೆ ಎರಡು ಕಟ್ಟಡಗಳನ್ನು ಜೋಡಿಸಿದ್ದ ಸೇತುವೆ ಕುಸಿದು ಬಿತ್ತು. 2022ರಲ್ಲಿ ನ್ಯಾಯಾಲಯದ ಆದೇಶದ ಮೇಲೆ ಕೆಡವುವ ಕೆಲಸ ಶುರುವಾಗಿ, 2024ರ ಹೊತ್ತಿಗೆ ಬಹುಭಾಗ ನೆಲಸಮವಾಯಿತು.

ವಾರೆನ್ನಿನಲ್ಲಿ ಪ್ಯಾಕರ್ಡ್ ಸಹೋದರರು ದೀಪ ಮಾಡಲೆಂದು ಕಟ್ಟಿದ್ದ ಮೊದಲ ಕಂಪನಿ ಏನಾಯಿತು? ಪ್ಯಾಕರ್ಡ್ ಎಲೆಕ್ಟ್ರಿಕ್ ಎಂಬ ಹೆಸರಿನ ಅದು ಮುಂದೆ ಕಾರುಗಳೊಳಗಿನ ವೈರುಗಳನ್ನು ತಯಾರಿಸುವುದರಲ್ಲಿ ನುರಿತಿತ್ತು. ಅದನ್ನು 1932ರಲ್ಲಿ ಕೊಂಡದ್ದು ಕ್ಯಾಡಿಲಾಕ್‌ನ ಒಡೆಯ ಜನರಲ್ ಮೋಟಾರ್ಸ್. ರಸ್ತೆಯ ಮೇಲಿನ ಪ್ಯಾಕರ್ಡ್ ಇಲ್ಲವಾಗಿ ಮೂರು ದಶಕ ಕಳೆದ ಮೇಲೂ, ಜನರಲ್ ಮೋಟಾರ್ಸ್ ಕಾರುಗಳ ಬಾನೆಟ್ಟಿನ ಕೆಳಗಿನ ವೈರುಗಳು ಪ್ಯಾಕರ್ಡ್ ಎಂಬ ಹೆಸರಿನ ಕಾರ್ಖಾನೆಯಿಂದಲೇ ಬರುತ್ತಿದ್ದವು.